ಲಸಿಕೆ ಬಂತು, ಸೂಜಿ ಹೋಗೋದು ಹೇಗೆ?

ಪಾಲಾರ್ ಅಂದರೆ ಹನೂರು ತಾಲ್ಲೂಕಿನ ಕೊನೆ. ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು, ಸುತ್ತ ಕಾಡು. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದಾಗ ಮಗುವಿನ ಬಾಯಿಗೆ ಎರಡು ಹನಿ, ಅಷ್ಟೆ. ಉಳಿಯುತ್ತಿದ್ದದ್ದು ಖಾಲಿ ಶೀಷೆ. 2021ರ ಕೋವಿಡ್ ಲಸಿಕೆಯಲ್ಲಿ ತಲೆಗೆ ಎರಡು ಡೋಸ್, ಅಂದರೆ ತಲೆಗೆ ಎರಡು ಸೂಜಿ. ಆ ಶಿಬಿರಗಳು ಮುಗಿದವು, ಮಕ್ಕಳ ಚುಚ್ಚುಮದ್ದು ನಿಂತಿಲ್ಲ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಲಸಿಕೆ ಶಿಬಿರದ ಹೆಸರೂ ಉಂಟು. ಸೂಜಿ ತೂತು ಬೀಳದ ಬಿಳಿ ಡಬ್ಬಕ್ಕೆ, ಸಿರಿಂಜು ಕೆಂಪು ಚೀಲಕ್ಕೆ, ಗಾಜಿನ ಶೀಷೆ ನೀಲಿ ಗುರುತಿನ ಪೆಟ್ಟಿಗೆಗೆ. ಬರೆಯೋದು ಸುಲಭ ಸ್ವಾಮಿ! ಕಾಡೂರಿನಿಂದ ಅದನ್ನು ಹೊತ್ತು ತರೋರು ಯಾರು? ನರ್ಸಮ್ಮ ಬಸ್ಸಿನಲ್ಲಿ, ನಮ್ಮ ನಿಮ್ಮ ಪಕ್ಕದಲ್ಲಿ, ಡಬ್ಬ ತೊಡೆ ಮೇಲಿಟ್ಟುಕೊಂಡು ಕೂರಬೇಕೇ?

ಅಲ್ಲೇ ಸುಟ್ಟುಬಿಡಿ ಅನ್ನೋರಿದ್ದಾರೆ. ಬಯಲಲ್ಲಿ ಸುಟ್ಟರೆ ಪ್ಲಾಸ್ಟಿಕ್ಕು ವಿಷದ ಹೊಗೆಯಾಗುತ್ತೆ, ಸೂಜಿ ಬೂದಿಯಲ್ಲಿ ಮೊನಚಾಗೇ ಉಳಿಯುತ್ತೆ. ದನ ಕಾಯೋ ಹುಡುಗನ ಬರಿಗಾಲಿಗೆ ಅಷ್ಟು ಸಾಕು.

ಬೆಳಿಗ್ಗೆ ಲಸಿಕೆ ತರೋ ಜೀಪೇ ಸಂಜೆ ಡಬ್ಬ ಎಣಿಸಿ, ಬರೆಸಿಕೊಂಡು ಒಯ್ಯಲಿ. ಶಿಬಿರದ ಖರ್ಚಿನಲ್ಲಿ ಆ ವಾಪಸ್ ಪ್ರಯಾಣದ ಡೀಸೆಲ್ಲೂ ಸೇರಲಿ.