ಲಿನಕ್ಸ್ ಕಷ್ಟ ಅಂದವರಿಗೆ

ನಾನು ವಿಂಡೋಸ್ ಬಿಟ್ಟು ಲಿನಕ್ಸಿಗೆ ಬಂದು ಆರು ತಿಂಗಳಾಯಿತು. ಈ ಆರು ತಿಂಗಳಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು, ‘ಅದು ತುಂಬಾ ಕಷ್ಟ ಅಲ್ವಾ? ಅದೆಲ್ಲ ಕಂಪ್ಯೂಟರ್ ಸೈನ್ಸಿನವರಿಗೆ. ಕನ್ನಡದಲ್ಲಿ ಪಿಎಚ್.ಡಿ. ಮಾಡೋರಿಗೆ ಯಾಕೆ?’ ಹೌದು, ಕಷ್ಟವಾಯಿತು. ಆದರೆ ಯಾವುದು ಕಷ್ಟವಾಯಿತು, ಯಾರಿಂದ ಆಯಿತು ಎಂಬುದನ್ನು ಬಿಡಿಸಿ ಹೇಳಬೇಕೆನಿಸಿದೆ. ಈ ಮಾತು ಹೇಳುವವರಲ್ಲಿ ಹೆಚ್ಚಿನವರು ನಮ್ಮವರೇ, ಕನ್ನಡ ವಿಭಾಗದವರೇ. ನನ್ನ ಕಷ್ಟದ ದೊಡ್ಡ ಪಾಲು ಬಂದದ್ದೂ ಅವರಿಂದಲೇ.

ನಾನು ಯಾವ ಸಿದ್ಧಾಂತಕ್ಕೂ ಮಾರುಹೋಗಿ ಬಂದವಳಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದ್ದು, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಬರೆದದ್ದು, ಇವೆಲ್ಲ ನನಗೆ ಗೊತ್ತಾದದ್ದು ಆಮೇಲೆ. ನಾನು ಬಂದದ್ದು ದುಡ್ಡಿಲ್ಲದೆ. ನನ್ನ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ನನ್ನದರಲ್ಲಿ ಎರಡೂ ಇಲ್ಲ. ಫೆಲೋಶಿಪ್ ಯಾವಾಗ ಬರುತ್ತದೆ ಎಂದು ಗೊತ್ತಿದ್ದರೆ ಹೊಸದನ್ನು ಕೊಳ್ಳುವ ಯೋಚನೆ ಮಾಡಬಹುದಿತ್ತು. ಹಾಸ್ಟೆಲಿನ ಪಕ್ಕದ ಕೋಣೆಯ ಎಂ.ಸಿ.ಎ. ಹುಡುಗಿ ಒಂದು ಪೆನ್‌ಡ್ರೈವ್ ತಂದು, ‘ಅಕ್ಕಾ, ಉಬುಂಟು ಹಾಕ್ಕೊಡ್ತೀನಿ, ಸುಮ್ನಿರಿ’ ಅಂದಳು. ಸುಮ್ಮನಿದ್ದೆ.

ಮೊದಲ ವಾರ ನಿಜಕ್ಕೂ ಅಳು ಬಂತು. ವೈಫೈ ಹಿಡಿಯಲಿಲ್ಲ. ವೈಫೈ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬೇಕೆಂದರೆ ವೈಫೈ ಬೇಕು. ಕೊನೆಗೆ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ, ಅದರ ಡೇಟಾದಿಂದ ಡ್ರೈವರ್ ಇಳಿಸಿಕೊಂಡದ್ದಾಯಿತು. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಏನೂ ಮೂಡದು, ಚುಕ್ಕಿ ಕೂಡ ಇಲ್ಲ. ಕೀಬೋರ್ಡೇ ಕೆಟ್ಟಿದೆ ಅಂದುಕೊಂಡು ಅರ್ಧ ಗಂಟೆ ಕಳೆದೆ. ಭಯಕ್ಕೆ ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಂಡಿದ್ದೆನಲ್ಲ, ಅದಕ್ಕೆ ಹೋದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತಿತ್ತು. ಲಿನಕ್ಸ್ ಯಂತ್ರದ ಒಳಗಿನ ಗಡಿಯಾರವನ್ನು ಗ್ರೀನಿಚ್ ಕಾಲಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಕಾಲ ಅಂತ ಓದುತ್ತದೆ. ಇದನ್ನು ಸರಿಪಡಿಸಲು ಒಂದು ಸಾಲಿನ ಕಮಾಂಡ್ ಸಾಕು. ಅದನ್ನು ಹುಡುಕಲು ನನಗೆ ಮೂರು ದಿನ ಬೇಕಾಯಿತು.

ಲಿನಕ್ಸ್ ಭಕ್ತರ ಬಗ್ಗೆಯೂ ಒಂದು ಮಾತು ಇದೆ. ಏನು ಕೇಳಿದರೂ ‘ಬೇರೆ ಡಿಸ್ಟ್ರೋ ಹಾಕಿ’ ಅನ್ನುವವರು ಇವರು. ಮನೆಯ ನಲ್ಲಿ ಸೋರುತ್ತಿದೆ ಅಂದರೆ ಮನೆ ಬದಲಿಸಿ ಅಂದ ಹಾಗೆ. ಹೊಸಬರಿಗೆ ಗೊತ್ತಿಲ್ಲದ್ದನ್ನು ತಮ್ಮ ಹೆಚ್ಚುಗಾರಿಕೆ ಅಂದುಕೊಂಡವರು ಎಲ್ಲ ಕ್ಷೇತ್ರದಲ್ಲೂ ಇದ್ದಾರೆ. ನಮ್ಮ ಛಂದಸ್ಸಿನ ಮೇಷ್ಟ್ರುಗಳಲ್ಲೂ ಇದ್ದಾರೆ. ಅವರನ್ನು ಇಲ್ಲಿಗೇ ಬಿಡೋಣ.

ಏಕೆಂದರೆ ಇವೆಲ್ಲ ಒಂದು ತಿಂಗಳಲ್ಲಿ ಮುಗಿದ ಕಷ್ಟಗಳು. ಕನ್ನಡ ಟೈಪಿಂಗಿನ ವಿಷಯದಲ್ಲಂತೂ ನಾನು ಹೆದರಿದ್ದಕ್ಕೆ ಉಲ್ಟಾ ಆಯಿತು. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತದ ಭಾಷೆಗಳ ಪಟ್ಟಿಯೊಳಗೆ ‘ಕನ್ನಡ, ಕಗಪ’ ಅಂತಲೇ ಒಂದು ವಿನ್ಯಾಸ ಕೂತಿತ್ತು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವೆಲ್ಲ ಕಲಿತ ಅದೇ ಕೀಲಿಮಣೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದೆ. ‘ಕನ್ನಡ’ ಅಂತ ಬಂತು. ಬೆರಳಿಗೆ ಗೊತ್ತಿದ್ದದ್ದು ಗೊತ್ತಿದ್ದ ಹಾಗೇ ಉಳಿಯಿತು. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಫಾಂಟುಗಳೂ ಪುಕ್ಕಟೆ ಸಿಕ್ಕವು. ಲಿಬ್ರೆ ಆಫೀಸಿನಲ್ಲಿ ಮಾತ್ರ ಒಂದು ಮಧ್ಯಾಹ್ನ ಒದ್ದಾಡಿದೆ. ಸ್ಟೈಲಿನಲ್ಲಿ ಫಾಂಟ್ ಬದಲಿಸಿದರೆ ಇಂಗ್ಲಿಷ್ ಪದಗಳಷ್ಟೇ ಬದಲಾಗುತ್ತವೆ, ಕನ್ನಡ ಮಿಸುಕುವುದಿಲ್ಲ. ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಒಂದು ಟಿಕ್ ಹಾಕಿ, ಕನ್ನಡಕ್ಕೆ ಬೇರೆಯೇ ಫಾಂಟು, ಬೇರೆಯೇ ಅಳತೆ ಕೊಡಬೇಕು. ನಮ್ಮ ಭಾಷೆಯನ್ನು ‘ಕಾಂಪ್ಲೆಕ್ಸ್’ ಅಂದದ್ದಕ್ಕೆ ಬೇಜಾರಾಯಿತು, ಒತ್ತಕ್ಷರಗಳ ಕಡೆ ನೋಡಿ ಸುಮ್ಮನಾದೆ.

ನಿಜವಾದ ಕಷ್ಟ ಶುರುವಾದದ್ದು ನನ್ನದೇ ಪ್ರಬಂಧದ ಎರಡನೇ ಅಧ್ಯಾಯವನ್ನು ತೆರೆದಾಗ. ಎರಡು ವರ್ಷ ಕೂತು ಬರೆದ ಅಧ್ಯಾಯ. ಪರದೆ ತುಂಬ ತಲೆಯ ಮೇಲೆ ಗೀಟು, ಚುಕ್ಕಿ, ಟೋಪಿ ಹೊತ್ತ ರೋಮನ್ ಅಕ್ಷರಗಳು. ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ಮೊದಲು ಇಂಗ್ಲಿಷಿನ ಪಿ, ನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ, ಅದರಾಚೆ ಜರ್ಮನ್ನರ ಒಂದು ಅಕ್ಷರ. ಕಡತ ಕೆಟ್ಟಿತೆಂದು ಎದೆ ಧಸಕ್ಕೆಂದಿತು. ಕೆಟ್ಟಿರಲಿಲ್ಲ. ಅದು ಇದ್ದದ್ದೇ ಹಾಗೆ. ನಾನು ‘ನುಡಿ 01 ಇ’ ಫಾಂಟಿನಲ್ಲಿ ಎರಡು ವರ್ಷ ಬರೆದದ್ದು ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಆಗಿರಲಿಲ್ಲ. ರೋಮನ್ ಅಕ್ಷರಗಳ ಮೇಲೆ ಕನ್ನಡದ ಮುಖವಾಡ. ಫಾಂಟ್ ಇರುವಲ್ಲಿ ಮುಖವಾಡ ಕಾಣುತ್ತದೆ, ಇಲ್ಲದಲ್ಲಿ ಕಳಚಿ ಬೀಳುತ್ತದೆ. ಆ ಫಾಂಟನ್ನು ಲಿನಕ್ಸಿಗೂ ಹಾಕಿಕೊಂಡು ಓದಬಹುದು, ಹಾಕಿಕೊಂಡೆ ಕೂಡ. ಓದಲಿಕ್ಕಷ್ಟೇ ಆಯಿತು. ಕಗಪದಲ್ಲಿ ನಾನೀಗ ಹೊಡೆಯುವುದು ಯೂನಿಕೋಡ್, ಕಡತದಲ್ಲಿರುವುದು ಆಸ್ಕಿ. ಒಂದೇ ಸಾಲಿನಲ್ಲಿ ಎರಡೂ ಬಾಳುವುದಿಲ್ಲ.

ಇದರಲ್ಲಿ ನುಡಿಯದ್ದಾಗಲಿ ಬರಹದ್ದಾಗಲಿ ತಪ್ಪಿಲ್ಲ. ಶೇಷಾದ್ರಿ ವಾಸು ಅವರ ಬರಹ ಬಂದದ್ದು 1998ರಲ್ಲಿ. ಆಗ ವಿಂಡೋಸಿಗೆ ಒತ್ತಕ್ಷರ ಜೋಡಿಸುವುದೇ ಗೊತ್ತಿರಲಿಲ್ಲ. ಗತಿಯಿಲ್ಲದ ಕಾಲದಲ್ಲಿ ಅವರು ಮಾಡಿದ್ದು ದೊಡ್ಡ ಕೆಲಸ. ಆದರೆ 2001ರ ವಿಂಡೋಸ್ ಎಕ್ಸ್‌ಪಿಗೇ ಯೂನಿಕೋಡ್ ಕನ್ನಡ ಬಂತು, ತುಂಗಾ ಫಾಂಟ್ ಬಂತು. ನುಡಿ, ಬರಹಗಳೂ ಆಮೇಲೆ ಯೂನಿಕೋಡಿಗೆ ಬಂದವು. ಬರದೇ ಉಳಿದವರು ನಾವು.

ಯಾಕೆ ಉಳಿದೆವು? ನಮ್ಮ ವಿಶ್ವವಿದ್ಯಾಲಯದ ಸುತ್ತೋಲೆ ಪ್ರಬಂಧ ‘ನುಡಿ 01 ಇ’ ಫಾಂಟಿನಲ್ಲೇ ಇರತಕ್ಕದ್ದು ಅನ್ನುತ್ತದೆ. ಕಚೇರಿಯಲ್ಲಿ ಕೇಳಿದರೆ, ‘ಯೂನಿಕೋಡ್ ಆದ್ರೆ ಪ್ರಿಂಟಲ್ಲಿ ಒತ್ತಕ್ಷರ ಒಡೆಯುತ್ತೆ ಮೇಡಂ’ ಎಂಬ ಉತ್ತರ. ಯಾರು ಒಡೆದದ್ದು ನೋಡಿದಿರಿ ಎಂದರೆ ಡಿಟಿಪಿಯವರ ಕಡೆ ಕೈ. ಡಿಟಿಪಿ ಅಂಗಡಿಯಲ್ಲಿ, ‘ಪೇಜ್‌ಮೇಕರಲ್ಲಿ ಯೂನಿಕೋಡ್ ಕೂರಲ್ಲ ಮೇಡಂ, ನುಡೀಲೇ ತನ್ನಿ.’ ಅಲ್ಲಿಗೆ ಬೇರು ಸಿಕ್ಕಿತು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ತಯಾರಿಸಿದ ಕಂಪನಿಯೇ ಕೈಬಿಟ್ಟ, ಹೆಚ್ಚಿನ ಕಡೆ ಕದ್ದ ಪ್ರತಿಯಲ್ಲೇ ಓಡುವ ಒಂದು ತಂತ್ರಾಂಶಕ್ಕಾಗಿ ಮುದ್ರಕರು ನುಡಿ ಕೇಳುತ್ತಾರೆ, ಮುದ್ರಕರಿಗಾಗಿ ಪ್ರಕಾಶಕರು ಕೇಳುತ್ತಾರೆ, ಇಬ್ಬರನ್ನೂ ನೋಡಿ ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸುತ್ತದೆ, ಆ ಸುತ್ತೋಲೆಗಾಗಿ ನಾನು ವಿಂಡೋಸ್ ಇಟ್ಟುಕೊಳ್ಳಬೇಕು. ಇದಕ್ಕೆ ‘ಲಿನಕ್ಸ್ ಕಷ್ಟ’ ಅನ್ನುವುದು ಯಾವ ನ್ಯಾಯ?

ಫಾಂಟುಗಳ ವೈವಿಧ್ಯ ಯೂನಿಕೋಡಿನಲ್ಲಿ ಕಡಿಮೆ ಎಂಬ ಆಕ್ಷೇಪವಿದೆ. ಒಪ್ಪುತ್ತೇನೆ, ಮುಖಪುಟಕ್ಕೆ ಚೆಂದದ ಅಕ್ಷರ ಹುಡುಕುವವರಿಗೆ ಅದು ನಿಜ. ಆದರೆ ಪ್ರಬಂಧಕ್ಕೆ ಮುಖಪುಟದ ಚೆಂದ ಬೇಡ, ಒಳಗಿನ ಪಠ್ಯ ಬೇಕು. ಆ ಪಠ್ಯದ ಗತಿ ನೋಡಿ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಸೇರುತ್ತವೆ. ಆಸ್ಕಿ ಫಾಂಟಿನ ಪಿಡಿಎಫ್ ತೆರೆದು ಅದರೊಳಗೆ ‘ವಚನ’ ಅಂತ ಹುಡುಕಿದರೆ ಒಂದೂ ಸಿಗದು, ಪುಟಪುಟದಲ್ಲೂ ವಚನದ ಮಾತೇ ಇದ್ದರೂ. ಒಂದು ಸಾಲು ನಕಲು ಮಾಡಿ ಅಂಟಿಸಿದರೆ ಅದೇ ಪಿ, ಅದೇ ಪೌಂಡು. ಕುರುಡರಿಗೆ ಓದಿ ಹೇಳುವ ತಂತ್ರಾಂಶ ಆ ಪುಟಗಳನ್ನು ಕನ್ನಡವಾಗಿ ಓದಲಾರದು. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ ಶೇಕಡ 10ರೊಳಗಿದ್ದರೆ ದಂಡವಿಲ್ಲ. ಮುಖವಾಡದ ಪಠ್ಯವನ್ನು ಯೂನಿಕೋಡ್ ಲೇಖನಗಳ ಪಕ್ಕ ಇಟ್ಟರೆ ಇಡೀ ಪುಸ್ತಕ ಕದ್ದಿದ್ದರೂ ಹೋಲಿಕೆ ಕಾಣುವುದಾದರೂ ಹೇಗೆ? ಕೆಲವರಿಗೆ ಈ ವ್ಯವಸ್ಥೆ ಯಾಕೆ ಇಷ್ಟೊಂದು ಹಿತವಾಗಿದೆ ಎಂದು ನಾನು ಊಹಿಸಲು ಹೋಗುವುದಿಲ್ಲ.

ಇದೇ ವಿಭಾಗಗಳಲ್ಲಿ ವಸಾಹತುಶಾಹಿಯಿಂದ ಭಾಷೆಯ ಬಿಡುಗಡೆ ಕುರಿತು ಎರಡು ದಿನದ ವಿಚಾರ ಸಂಕಿರಣ ನಡೆಯುತ್ತದೆ, ನಾನೂ ಅಲ್ಲಿ ಪ್ರಬಂಧ ಓದಿ ಊಟ ಮಾಡಿ ಬಂದಿದ್ದೇನೆ. ಆ ಪ್ರಬಂಧವನ್ನೂ ಆಸ್ಕಿಯಲ್ಲೇ ಕಳಿಸಿದ್ದೆ. ಒಬ್ಬರಾದರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಹಳಗನ್ನಡದ ಒಂದು ಪಾಠಾಂತರಕ್ಕೆ ಗಂಟೆಗಟ್ಟಲೆ ಜಗಳವಾಡುವ ನಾವು, ನಮ್ಮ ಇಡೀ ಬರವಣಿಗೆ ಒಂದು ಫಾಂಟಿನ ಮರ್ಜಿಯಲ್ಲಿದೆ ಎಂಬುದನ್ನು ಟೈಪಿಸ್ಟರ ಸಮಸ್ಯೆ ಅಂದುಕೊಂಡಿದ್ದೇವೆ.

ಬೇರೆ ದಾರಿ ಇಲ್ಲವೆಂದೇನಲ್ಲ, ಪಕ್ಕದಲ್ಲೇ ಇದೆ. ಕೇರಳದಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಸರ್ಕಾರಿ ಶಾಲೆಗಳನ್ನು ಲಿನಕ್ಸಿಗೆ ತಂದಿತು. ಈಗ ‘ಕೈಟ್’ ಎಂಬ ಹೆಸರಿನಲ್ಲಿ ಅಲ್ಲಿನ ಶಾಲೆಗಳಿಗೆಂದೇ ಒಂದು ಲಿನಕ್ಸ್ ಆವೃತ್ತಿ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಹೈಸ್ಕೂಲು ಮಕ್ಕಳಿಗೆ ಕಷ್ಟವಾಗದ್ದು ಪ್ರಾಧ್ಯಾಪಕರಿಗೆ ಕಷ್ಟವಾಗುತ್ತಿದೆ. ಮಲಯಾಳಂನವರಿಗೆ ಒತ್ತಕ್ಷರ ಒಡೆಯುವ ಭಯ ಇರಲಿಲ್ಲವೇ? ಅವರು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅಂತ ಗುಂಪು ಕಟ್ಟಿಕೊಂಡು ಮೀರಾ, ರಚನಾ, ಮಂಜರಿ ಫಾಂಟುಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು.

ನಾನು ಮಾಡಿದ್ದು ಇಷ್ಟು. ಎರಡು ಅಧ್ಯಾಯಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ. ಗುಂಡಿ ಒತ್ತಿದರೆ ಮುಗಿಯುವ ಕೆಲಸವಲ್ಲ ಅದು. ಆಸ್ಕಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಹಿಂದೆ ಕೂತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ಮುಂದೆ ಬರಬೇಕು, ಅಲ್ಲಲ್ಲಿ ತಪ್ಪಿತು. ಗ್ರಂಥಋಣದಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿ ಹಾಕಿತು. ಹನ್ನೊಂದು ದಿನ ಕೂತು ಸಾಲು ಸಾಲು ತಿದ್ದಿದೆ. ತಿದ್ದುತ್ತಾ ನನ್ನದೇ ಹಳೆಯ ವಾಕ್ಯಗಳ ಮೇಲೆ ಸಿಟ್ಟು ಬಂದದ್ದು ಬೇರೆ ಮಾತು.

ಮಾರ್ಗದರ್ಶಕರ ಹತ್ತಿರ ಹೋಗಿ ಯೂನಿಕೋಡಿನಲ್ಲೇ ಸಲ್ಲಿಸುತ್ತೇನೆ ಸರ್ ಅಂದೆ. ‘ನಂದೇನೂ ಅಡ್ಡಿಯಿಲ್ಲಮ್ಮ, ಸುತ್ತೋಲೆ ಇದೆಯಲ್ಲ’ ಅಂದರು. ಹಾಗಾಗಿ ಸುತ್ತೋಲೆಯಲ್ಲಿ ‘ನುಡಿ 01 ಇ’ ಎಂಬಲ್ಲಿ ‘ಯಾವುದೇ ಯೂನಿಕೋಡ್ ಕನ್ನಡ ಫಾಂಟ್’ ಎಂದು ಬದಲಿಸಬೇಕೆಂದು ಕುಲಸಚಿವರಿಗೆ ಒಂದು ಪುಟದ ಅರ್ಜಿ ಕೊಟ್ಟಿದ್ದೇನೆ, ಆರು ಜನ ಸಂಶೋಧನಾ ವಿದ್ಯಾರ್ಥಿಗಳ ಸಹಿಯೊಂದಿಗೆ. ಇಬ್ಬರು ಸಹಿ ಹಾಕಲು ಹೆದರಿದರು. ಅರ್ಜಿ ತೆಗೆದುಕೊಂಡ ಗುಮಾಸ್ತರು ಮೇಲಿಂದ ಕೆಳಗೆ ಓದಿ, ‘ನುಡೀಲೇ ನೀಟಾಗಿ ಟೈಪ್ ಮಾಡಿದೀರಲ್ಲ ಮೇಡಂ, ಮತ್ತಿನ್ನೇನು ತೊಂದ್ರೆ?’ ಅಂದರು. ಅದು ನವಿಲು ಫಾಂಟಿನಲ್ಲಿ, ಉಬುಂಟುವಿನಲ್ಲಿ ಟೈಪ್ ಮಾಡಿದ್ದು ಅಂದೆ. ಇನ್ನೊಂದು ಸಲ ತಿರುಗಿಸಿ ನೋಡಿ, ಸೀಲು ಹಾಕಿ, ಟಪಾಲು ಪುಸ್ತಕದಲ್ಲಿ ನಂಬರು ಬರೆದುಕೊಂಡರು. ಅದು ಐದು ವಾರದ ಹಿಂದಿನ ಮಾತು. ನಾನು ಪ್ರಬಂಧ ಸಲ್ಲಿಸಲು ಇನ್ನು ಎರಡು ತಿಂಗಳಿದೆ.