ನನ್ನ ಫಲಿತಾಂಶ ಎಲ್ಲಿ?

ಧಾರವಾಡದಿಂದ ಪುಣೆಗೆ ಬಂದು ಒಂದು ವರ್ಷವಾಗಿತ್ತು, ನನಗಾಗ 13. ಡಿಸ್ಲೆಕ್ಸಿಯಾ ಸಂಶೋಧನೆಗೆ ಮಕ್ಕಳು ಬೇಕೆಂದು ಶಾಲೆಗೆ ಯಾರೋ ಬಂದರು. ಅಪ್ಪ ಸಹಿ ಹಾಕಿದರು. ನನ್ನನ್ನು ಯಾರೂ ಕೇಳಲಿಲ್ಲ. ಮೂರು ಶನಿವಾರ ಇಂಗ್ಲಿಷ್ ಪದಗಳನ್ನು ಗಟ್ಟಿಯಾಗಿ ಓದಿದೆ, ಅರ್ಥವೇ ಇಲ್ಲದ ಪದಗಳನ್ನೂ ಓದಿದೆ. ಎದುರಿಗೆ ಸ್ಟಾಪ್‌ವಾಚ್. ಕೊನೆಗೆ ಒಂದು ಕಂಪಾಸ್ ಬಾಕ್ಸ್ ಕೊಟ್ಟು ಕಳಿಸಿದರು. ಫಲಿತಾಂಶ ಇವತ್ತಿಗೂ ಬಂದಿಲ್ಲ.

ನಾನು 'ರಾಷ್ಟ್ರ' ಓದುವಾಗಲೂ ಎಡವುತ್ತಿದ್ದೆ, ಪ ಮತ್ತು ಷ ಅದಲು ಬದಲಾಗುತ್ತಿದ್ದವು. ಅದನ್ನು ಅವರು ಕೇಳಲೇ ಇಲ್ಲ. ನನ್ನ ತೊಡಕು ಓದಿನದೋ, ಹೊಸ ಭಾಷೆಯದೋ ಎಂದು ಇಂಗ್ಲಿಷ್ ಪಟ್ಟಿಯೊಂದೇ ಹೇಗೆ ಹೇಳೀತು? ಕನ್ನಡದ ಕಷ್ಟವೇ ಬೇರೆ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಅವು ಪೂರ್ತಿ ಕೈವಶವಾಗಲು ನಾಲ್ಕೈದು ತರಗತಿ ಬೇಕೆಂದು ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ.

"ನಮ್ಮಲ್ಲಿ ಸಂಶೋಧನೆಯೇ ಕಡಿಮೆ, ಅದಕ್ಕೂ ಕಲ್ಲು ಹಾಕಬೇಡ" ಎನ್ನುತ್ತಾನೆ ಗೆಳೆಯ. ಕಲ್ಲು ಹಾಕುತ್ತಿಲ್ಲ ಮಾರಾಯಾ. ಮಕ್ಕಳು ಹೋಗಲಿ, ಹೋಗಲೇಬೇಕು. ಆದರೆ ಮಗು ಎಂದರೆ ಬರೀ ದತ್ತಾಂಶವಲ್ಲ. ಸಾಧನಗಳಿಲ್ಲ ಎಂಬ ನೆಪವೂ ಈಗ ಹಳತಾಯಿತು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಪೋಷಕರ ಸಹಿಯಷ್ಟೇ ಸಾಲದು, 12 ದಾಟಿದ ಮಕ್ಕಳ ಲಿಖಿತ ಸಮ್ಮತಿಯೂ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನು ಪಟ್ಟಿಗೆ ಸೇರಿಸಿದೆ. ಆದರೆ ಸೌಲಭ್ಯ ಕೇಳಲು ಮೊದಲು ತನಗೇನಾಗಿದೆ ಎಂದು ಮಗುವಿಗೆ ಗೊತ್ತಿರಬೇಕಲ್ಲ?

ತಪ್ಪು ಸಂಶೋಧಕರದ್ದಷ್ಟೇ ಅಲ್ಲ, ನಮ್ಮದೂ ಹೌದು. ಕಂಪನಿಯ ಕರಾರಿನ ಒಂದೊಂದು ಸಾಲನ್ನೂ ಓದುವ ನಾವು ಮಗುವಿನ ಸಮ್ಮತಿ ಪತ್ರಕ್ಕೆ ಓದದೆಯೇ ಸಹಿ ಹಾಕುತ್ತೇವೆ. 'ಸೊಸೈಟಿಯಲ್ಲಿ ಗೊತ್ತಾದರೆ?' ಎಂದು ವರದಿ ಕೇಳಲೂ ಹಿಂಜರಿಯುತ್ತೇವೆ. ವರದಿಯಿಲ್ಲದೆ ನಾನು ಹತ್ತನೆಯ ತರಗತಿಯವರೆಗೂ 'ಸೋಮಾರಿ' ಎನಿಸಿಕೊಂಡೆ.

ಕಳೆದ ವಾರ ಮುಂಬೈಯ ಅಕ್ಕನ ಮನೆಗೆ ಅಂಥದ್ದೇ ಪತ್ರ ಬಂತು. ಅಕ್ಕ ಪೆನ್ನು ತೆಗೆದಿದ್ದಳು. "ತಡಿಯಕ್ಕ" ಎಂದು ಪತ್ರವನ್ನು ಸೊಸೆಯ ಕೈಗೆ ಕೊಟ್ಟೆ. ಬೆರಳಿಟ್ಟು ನಿಧಾನವಾಗಿ ಓದಿದಳು. ಮುಗಿಸಿ ಕೇಳಿದ್ದು ಒಂದೇ: "ಮಾಮಾ, ಇದರ ರಿಸಲ್ಟ್ ನನಗೆ ಯಾವಾಗ ಹೇಳ್ತಾರೆ?"

ಆ ಪ್ರಶ್ನೆಗೆ ಲಿಖಿತ ಉತ್ತರ ಬರುವವರೆಗೆ ಸಹಿ ಬೇಡ ಎಂದಿದ್ದೇನೆ. ನಿಮ್ಮ ಮನೆಗೂ ಪತ್ರ ಬಂದರೆ ಇಷ್ಟು ಮಾಡಿ.