ಲೆಕ್ಕಕ್ಕೆ ಬಾರದ ಸೇವೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಾಳುವವರಿಗೆ ಕೊಬ್ಬರಿಯ ಸಂಗತಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬಲಿತ ಕಾಯಿ ಅಟ್ಟವನ್ನೇರಿ, ಹತ್ತು ಹನ್ನೊಂದು ತಿಂಗಳು ನೆರಳಿನಲ್ಲಿದ್ದು, ಒಳಗಿನ ನೀರನ್ನೆಲ್ಲ ಇಂಗಿಸಿಕೊಂಡು ಕೊಬ್ಬರಿಯಾಗುವುದು. ಮಾರುಕಟ್ಟೆಯ ದಿನ ತಕ್ಕಡಿಗೆ ಬೀಳುವುದು ಉಂಡೆ ಕೊಬ್ಬರಿ ಮಾತ್ರ; ಅದನ್ನು ವರ್ಷವಿಡೀ ಕಾಪಾಡಿದ ಅಟ್ಟದ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮ ನಾಡಿನ ಹೋರಾಟದ ಚರಿತ್ರೆಯಲ್ಲಿ ಸ್ತ್ರೀಯರ ಪಾಲೂ ಹೀಗೆಯೇ ಆಗಿರುವುದು.

ಹೊರಗಿನ ವೈರಿ ದಂಡೆತ್ತಿ ಬಂದಾಗ ನಡೆಯುವ ಯುದ್ಧ ಒಂದು ಬಗೆ. ಒಂದೇ ನಾಡಿನವರು, ಒಂದೇ ನುಡಿಯವರು ಇದಿರುಬದಿರಾಗಿ ನಿಲ್ಲುವ ಅಂತಃಕಲಹ ಇನ್ನೊಂದು ಬಗೆ. ಎರಡನೆಯದರಲ್ಲಿ ರಣರಂಗವು ಊರಾಚೆ ಇರುವುದಿಲ್ಲ. ಮನೆಯ ಹೊಸ್ತಿಲೇ ರಣರಂಗ. ಹೊಸ್ತಿಲನ್ನು ಕಾಯುವವಳು ಹೆಣ್ಣು. ಆದುದರಿಂದ ಇಂತಹ ಕಲಹದಲ್ಲಿ ಅವಳು ಪ್ರೇಕ್ಷಕಳಾಗಿ ಉಳಿಯುವುದು ಸಾಧ್ಯವೇ ಇಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ 1942ರಲ್ಲಿಯೂ 1947ರಲ್ಲಿಯೂ ನಡೆದುದನ್ನು ಅಂತರ್ಯುದ್ಧವೆಂದು ಕರೆದರೆ ಅತಿಶಯೋಕ್ತಿಯಾದೀತು. ಆದರೂ ಅದರ ಛಾಯೆ ಅಲ್ಲಿ ಇದ್ದಿತು. 1947ರ ಆಗಸ್ಟ್ 15ರಂದು ಇಂಡಿಯಾ ಸ್ವತಂತ್ರವಾದ ಮೇಲೆಯೂ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಪ್ರಜೆಗಳು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಹೂಡಬೇಕಾಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವವರೆಗೆ ಅದು ನಿಲ್ಲಲಿಲ್ಲ. ಲಾಠಿ ಹಿಡಿದವರೂ ನಮ್ಮವರೇ, ಏಟು ತಿಂದವರೂ ನಮ್ಮವರೇ.

ಶಿಕಾರಿಪುರ ತಾಲ್ಲೂಕಿನ ಈಸೂರನ್ನು ನೆನೆಯೋಣ. 1942ರ ಸೆಪ್ಟೆಂಬರಿನಲ್ಲಿ ಆ ಸಣ್ಣ ಹಳ್ಳಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಆ ತಿಂಗಳ 28ರಂದು ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು. ಬಳಿಕ ದಂಡು ಬಂದಿತು. ಊರವರು ಕಾಡು ಸೇರಿದರು, ಸಿಕ್ಕಿದವರು ಸೆರೆಮನೆ ಸೇರಿದರು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಜೀವಾವಧಿ ಶಿಕ್ಷೆಗೆ ಗುರಿಯಾದವರಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಂಗಸರೂ ಇದ್ದರು. ಗಲ್ಲಿಗೇರಿದವರ ಸ್ಮರಣೆ ವರ್ಷ ವರ್ಷವೂ ನಡೆಯುತ್ತದೆ, ನಡೆಯತಕ್ಕದ್ದೇ. ಆದರೆ ಈ ಮೂವರ ಹೆಸರನ್ನು ತಡವರಿಸದೆ ಹೇಳಬಲ್ಲ ವಿದ್ಯಾವಂತರು ನಮ್ಮಲ್ಲಿ ಎಷ್ಟು ಮಂದಿ?

ಇವರಿಗಾದರೂ ನ್ಯಾಯಾಲಯದ ದಾಖಲೆಯಲ್ಲಿ ಒಂದು ಸಾಲು ದೊರಕಿತು. ಗಂಡಸರು ಕಾಡಿನಲ್ಲಿಯೂ ಸೆರೆಯಲ್ಲಿಯೂ ಇದ್ದಾಗ ಗದ್ದೆಯನ್ನು ನೋಡಿದವರು ಯಾರು? ಮಕ್ಕಳಿಗೂ ಮುದುಕರಿಗೂ ಅನ್ನ ಹಾಕಿದವರು ಯಾರು? ಅತ್ತ, ಸತ್ತ ಅಧಿಕಾರಿಗಳ ಮನೆಯಲ್ಲಿ ಕಣ್ಣೀರನ್ನು ಒರೆಸಿಕೊಂಡು ಸಂಸಾರವನ್ನು ಎತ್ತಿ ನಿಲ್ಲಿಸಬೇಕಾದವರು ಯಾರು? ತೀರ್ಪು ಇದನ್ನು ಹೇಳುವುದಿಲ್ಲ. ಅದು ತೀರ್ಪಿನ ಕೆಲಸವೂ ಅಲ್ಲ. ಆದರೆ ಚರಿತ್ರೆಯ ಕೆಲಸವಂತೂ ಹೌದು.

ನಾವು ವೀರವನಿತೆಯರನ್ನು ಮರೆತಿಲ್ಲವೆಂದು ಕೆಲವರು ಹೇಳಬಹುದು. ನಿಜ. ನೆರೆಯ ಚಿತ್ರದುರ್ಗದ ಒನಕೆ ಓಬವ್ವನ ಹೆಸರಿನಲ್ಲಿ 2021ರಿಂದ ಸರ್ಕಾರವೇ ನವೆಂಬರ್ 11ರಂದು ಜಯಂತಿ ನಡೆಸುತ್ತಿದೆ. ಆದರೆ ಆ ಕಥೆಯನ್ನೇ ಇನ್ನೊಮ್ಮೆ ಕೇಳಿ ನೋಡಿರಿ. ಓಬವ್ವ ಅಂದು ಹೊರಟದ್ದು ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು. ಶತ್ರುಗಳು ಕಿಂಡಿಯಲ್ಲಿ ತಲೆ ತೂರಿಸದಿದ್ದರೆ ಅವಳು ನೀರು ತಂದು ಕೊಡುತ್ತಿದ್ದಳು, ಕಾವಲುಗಾರ ಉಂಡು ಮತ್ತೆ ಕಾವಲಿಗೆ ಹೋಗುತ್ತಿದ್ದ, ಕೋಟೆಯೂ ಆ ದಿನ ಉಳಿಯುತ್ತಿತ್ತು. ಓಬವ್ವನ ಹೆಸರು ಮಾತ್ರ ಉಳಿಯುತ್ತಿರಲಿಲ್ಲ. ಒನಕೆಯನ್ನು ಆಯುಧವಾಗಿ ಎತ್ತಿದಾಗ ಮಾತ್ರ ನಾವು ಹೆಣ್ಣಿನ ಕಡೆ ತಿರುಗುತ್ತೇವೆ. ಅದೇ ಒನಕೆಯಿಂದ ಅವಳು ದಿನವೂ ಕುಟ್ಟಿದ ಅಕ್ಕಿಯಿಂದ ಕೋಟೆ ಬದುಕಿತ್ತೆಂಬುದು ನಮ್ಮ ಗಮನಕ್ಕೆ ಬಾರದು.

ಇದು ಭಾವನೆಯ ಮಾತಷ್ಟೇ ಅಲ್ಲ, ಕಾಯಿದೆಯ ಮಾತೂ ಹೌದು. ಸ್ವಾತಂತ್ರ್ಯಯೋಧರಿಗೆ ಕೇಂದ್ರ ಸರ್ಕಾರ 1972ರಲ್ಲಿ ವೇತನವನ್ನು ಏರ್ಪಡಿಸಿ, 1980ರಲ್ಲಿ ಅದನ್ನು ವಿಸ್ತರಿಸಿತು. ಅರ್ಹತೆಗೆ ಆರು ತಿಂಗಳ ಸೆರೆವಾಸ. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಮೂರು ತಿಂಗಳು. ಭೂಗತನಾಗಿದ್ದವನಿಗೂ ಅವಕಾಶವಿತ್ತು, ಆದರೆ ಅವನ ಮೇಲೆ ಘೋಷಣೆಯೋ ಬಹುಮಾನವೋ ಬಂಧನದ ಆಜ್ಞೆಯೋ ಹೊರಟಿರಬೇಕು. ಹೆಂಗಸರಿಗೆ ಅವಧಿಯನ್ನು ಇಳಿಸಿದ್ದು ಉದಾರಬುದ್ಧಿಯೇ ಸರಿ. ಆದರೆ ಭೂಗತನಾದವನು ಆರು ತಿಂಗಳು ಗಾಳಿ ಕುಡಿದು ಬದುಕಲಿಲ್ಲ. ನಡುರಾತ್ರಿಯಲ್ಲಿ ಅವನಿಗೆ ಮುದ್ದೆ ತಿರುವಿ ಬಡಿಸಿದ ಕೈಯ ಮೇಲೆ ಯಾವ ವಾರಂಟೂ ಹೊರಡಲಿಲ್ಲ. ವಾರಂಟಿಲ್ಲದ ಸೇವೆ ಸೇವೆಯೆಂದು ಎಣಿಕೆಗೆ ಬರಲಿಲ್ಲ. ಆಮೇಲೆ ಅವಳಿಗೆ ಏನಾದರೂ ಸಂದಿದ್ದರೆ, ಅದು ಯೋಧನ ವಿಧವೆಯೆಂದು ಸಂದಿತು.

ಈ ಕುರುಡು ನಮಗೆ ಮಾತ್ರ ಇರುವುದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹ್ಯಾರಿಯೆಟ್ ಟಬ್‌ಮನ್ ಎಂಬ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮಹಿಳೆ ಒಕ್ಕೂಟದ ಸೈನ್ಯಕ್ಕೆ ಗೂಢಚಾರಿಣಿಯಾಗಿ ದುಡಿದಳು. 1863ರ ಜೂನ್ ತಿಂಗಳಲ್ಲಿ ಕೊಂಬಾಹೀ ನದಿಯ ದಾಳಿಗೆ ದಾರಿ ತೋರಿಸಿ ಏಳುನೂರಕ್ಕೂ ಹೆಚ್ಚು ಗುಲಾಮರ ಬಿಡುಗಡೆಗೆ ಕಾರಣಳಾದಳು. ಯುದ್ಧ ಮುಗಿದು ಮೂವತ್ತು ವರ್ಷವಾದ ಮೇಲೆ ಸರ್ಕಾರ ಅವಳಿಗೆ ಸೈನಿಕನ ವಿಧವೆಯೆಂದು ತಿಂಗಳಿಗೆ 8 ಡಾಲರು ಕೊಟ್ಟಿತು. 1899ರಲ್ಲಿ, ದಾದಿಯಾಗಿದ್ದಳೆಂದು, ಅದನ್ನು 20 ಡಾಲರಿಗೆ ಏರಿಸಿತು. ಗೂಢಚಾರಿಣಿಯ ಕೆಲಸಕ್ಕೆ ಏನೂ ಇಲ್ಲ. ವಿಧವೆ, ದಾದಿ ಎಂಬ ಎರಡು ಹೆಸರು ಮಾತ್ರ ಸರ್ಕಾರಕ್ಕೆ ಗೊತ್ತಿದ್ದವು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು. ರುಜುವಾತಿಲ್ಲದೆ ಬೊಕ್ಕಸದ ಹಣ ಕೊಡುವುದು ಹೇಗೆ? ಹೋರಾಟದಲ್ಲಿ ಇಲ್ಲದವರೂ ಯೋಧರೆಂದು ಮುಂದೆ ಬರಲಾರರೇ? ಅಧಿಕಾರದಲ್ಲಿರುವ ವಾಚಕರು ಹೀಗೆ ಕೇಳುವುದು ನ್ಯಾಯವಾಗಿಯೇ ಇದೆ. ಖಜಾನೆಯ ಬಾಗಿಲು ಕಾಯುವವನಿಗೆ ಕಾಗದ ಬೇಕು. ಆದರೆ ನಾವು ಈಗ ಕೇಳುತ್ತಿರುವುದು ಹಣವಲ್ಲ. ವೇತನಕ್ಕೆ ಬೇಕಾದ ರುಜುವಾತು ಬೇರೆ, ನೆನಪಿಗೆ ಬೇಕಾದ ರುಜುವಾತು ಬೇರೆ. ಎರಡು ಮನೆಯವರು ಒಂದೇ ಸಂಗತಿಯನ್ನು ಬೇರೆ ಬೇರೆಯಾಗಿ ಹೇಳಿ ಅದು ಹೊಂದಿದರೆ, ಚರಿತ್ರಕಾರನಿಗೆ ಅದು ವಿಚಾರಯೋಗ್ಯವಾದ ಸಾಕ್ಷ್ಯ. ಅದನ್ನು ಬರೆದಿಡುವುದಕ್ಕೆ ಯಾವ ಕಾಯಿದೆಯೂ ಅಡ್ಡಿಯಲ್ಲ.

ಆಗತಕ್ಕ ಕೆಲಸ ಇಷ್ಟೆ. 1947ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವಳು ಈಗ ತೊಂಬತ್ತರ ಹತ್ತಿರಕ್ಕೆ ಬಂದ ಮುದುಕಿ. ಮೂರು ತಾಲ್ಲೂಕುಗಳ ಸಾರ್ವಜನಿಕ ಪುಸ್ತಕಾಲಯಗಳೂ ಕಾಲೇಜುಗಳೂ ಕೂಡಿ, ಇಂತಹ ಅಜ್ಜಿಯರನ್ನು ಹುಡುಕಿ, ಅವರ ತಾಯಂದಿರು ಆ ದಿನಗಳಲ್ಲಿ ಏನು ಮಾಡಿದರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಚಿಕ್ಕನಾಯಕನಹಳ್ಳಿಯ ಕಂಬಳಿ ನೇಯುವವರ ಕೇರಿಯನ್ನೂ ತೋಟದ ಕೂಲಿಯವರ ಗುಡಿಸಲನ್ನೂ ಬಿಡಬಾರದು. ಕೇಳಿದ ತಾರೀಖು, ಹೇಳಿದವರ ಹೆಸರು, ಊರು, ಇವನ್ನು ಗುರುತಿಸಿ ಒಂದು ಪ್ರತಿಯನ್ನು ತಾಲ್ಲೂಕಿನಲ್ಲಿಯೇ ಇಡಲಿ. ಮುಂದೆ ಸ್ಮಾರಕಗಳ ಮೇಲೆ ಹೊಸ ಹೆಸರನ್ನು ಕೆತ್ತಿಸುವ ಪ್ರಸಂಗ ಬಂದರೆ, ಕೆತ್ತುವುದಕ್ಕೆ ಹೆಸರಾದರೂ ಇರುವುದು.

ಇದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಕೇಳುವ ಸಹನೆ. ತಡಮಾಡಿದರೆ ಪುಸ್ತಕವೂ ಸಹನೆಯೂ ಇದ್ದು, ಹೇಳುವವರೇ ಇರುವುದಿಲ್ಲ. ಅಟ್ಟದ ಮೇಲಿನ ಕಾಯಿಯನ್ನು ಹೊತ್ತಿಗೆ ಇಳಿಸದಿದ್ದರೆ ಏನಾಗುವುದೆಂಬುದು ಈ ಸೀಮೆಯ ಜನರಿಗೆ ತಿಳಿಯದ ಸಂಗತಿಯಲ್ಲ.